ಸೇರಿದವರು 32, ಉಳಿದವರು 13: ಉದ್ಯೋಗ ಸಬ್ಸಿಡಿ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಮುಟ್ಟುತ್ತಿದೆಯಾ?

ಲೈನ್ ಮೂರು, ಯಾದಗಿರಿ ಜಿಲ್ಲೆ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಒಂದು ಗಾರ್ಮೆಂಟ್ಸ್ ಘಟಕದಲ್ಲಿ ಲೈನ್ ಸೂಪರ್‌ವೈಸರ್. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಏಳು ವರ್ಷ ಟೈಲರ್ ಆಗಿದ್ದೆ. ಘಟಕದ ಹೆಸರು ಮಾತ್ರ ಕೇಳಬೇಡಿ.

ಆಗಸ್ಟ್‌ನಲ್ಲಿ ನನ್ನ ಲೈನಿಗೆ ಹೊಸಬರು 32 ಜನ ಬಂದರು. ಎಲ್ಲರೂ ಸುತ್ತಲಿನ ಹಳ್ಳಿ, ತಾಂಡಾಗಳ ಹೆಣ್ಣುಮಕ್ಕಳು. ಪವರ್ ಮಷೀನ್ ಮುಂದೆ ಕೂತರೆ ಮೊದಲ ವಾರ ಕಾಲು ನಡುಗುತ್ತಿತ್ತು. ಪೆಡಲ್ ಮೇಲೆ ಸ್ವಲ್ಪ ಒತ್ತಿದರೂ ಬಟ್ಟೆ ಎಳೆದುಕೊಂಡು ಓಡುತ್ತದೆ, ಗೊತ್ತಲ್ಲ. ಬಟ್ಟೆ ಇಲ್ಲದೆ ಬರೀ ಕಾಗದದ ಮೇಲೆ ಗೆರೆ ಹೊಲಿಸಿ ಕಲಿಸಿದೆ. ಎರಡು ತಿಂಗಳಿಗೆ ಕಫ್, ಕಾಲರ್ ಎಲ್ಲಾ ಬಂತು. ಈಗ ನವೆಂಬರ್ ಕೊನೆ. ಉಳಿದವರು 13.

ಯಾರು ಯಾಕೆ ಬಿಟ್ಟರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಹತ್ತಿ ಬಿಡಿಸಲು ಹೋದವರು 7. ಮಗು ನೋಡಿಕೊಳ್ಳುವವರಿಲ್ಲ ಅಂತ ಬಿಟ್ಟವರು 5. ಬಸ್ಸು ಸಿಗದೆ 4. ಗಂಡನ ಜೊತೆ ಪುಣೆಗೆ ಗುಳೆ ಹೋದವರು 2. ಟಾರ್ಗೆಟ್ ಒತ್ತಡ ತಾಳದೆ ಒಬ್ಬಳು. ಹೊಲಿಗೆಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿ ಬಿಡುವ ದಿನ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಕ್ಕಾರ, ಕೆಲಸ ಛಲೋ ಐತ್ರಿ. ಆದ್ರ ಕೂಸಿನ್ನ ಯಾರ ಕೈಯಾಗ ಬಿಡ್ಲಿ?"

ಮೊನ್ನೆ ಮೀಟಿಂಗ್‌ನಲ್ಲಿ ಮ್ಯಾನೇಜರ್ ನನಗೆ ಬೈದರು. ಆರು ತಿಂಗಳು ತುಂಬದೆ ಬಿಟ್ಟರೆ ಸರ್ಕಾರದ ಹಣ ಬರುವುದಿಲ್ಲ, ನಿನ್ನ ಲೈನಿನಿಂದಲೇ ನಷ್ಟ ಅಂದರು. ಆ ಹಣ ಯಾವುದು? ಯಾರಿಗೆ ಬರುತ್ತದೆ? ಹೆಣ್ಣುಮಕ್ಕಳ ಹೆಸರಲ್ಲಿ ಬರುವ ಹಣವಾದರೆ ಅದರಲ್ಲಿ ಒಂದಿಷ್ಟನ್ನು ಮಗು ನೋಡಿಕೊಳ್ಳುವ ವ್ಯವಸ್ಥೆಗೋ ವ್ಯಾನಿಗೋ ಹಾಕಬಹುದಲ್ವಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.


ಚಲನ್ ಮಾಸ್ತರ, ಕಲಬುರಗಿ | ಭಾನುವಾರ ರಾತ್ರಿ 10:55

ತಂಗಿ, ನಾನು ಹದಿನೈದು ವರ್ಷದಿಂದ ಸಣ್ಣ ಫ್ಯಾಕ್ಟರಿಗಳಿಗೆ ಪಿಎಫ್, ಇಎಸ್‌ಐ ಕೆಲಸ ಮಾಡಿಕೊಡುತ್ತಿದ್ದೇನೆ. ನಿಮ್ಮ ಮ್ಯಾನೇಜರ್ ಹೇಳಿದ್ದು ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯ ಹಣ ಇರಬೇಕು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಸೇರಿದವರಿಗೆ ಅನ್ವಯ. ಒಟ್ಟು 99,446 ಕೋಟಿ ರೂಪಾಯಿ ಇಟ್ಟಿದ್ದಾರೆ.

ಅದರಲ್ಲಿ ಎರಡು ಭಾಗ. ಮೊದಲನೆಯದು ಕೆಲಸಗಾರರಿಗೆ. ಜೀವನದಲ್ಲಿ ಮೊದಲ ಸಲ ಪಿಎಫ್‌ಗೆ ಸೇರಿದವರಿಗೆ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ. ಒಂದು ಕಂತು ಆರು ತಿಂಗಳು ತುಂಬಿದ ಮೇಲೆ. ಇನ್ನೊಂದು ಹನ್ನೆರಡು ತಿಂಗಳಾಗಿ, ಹಣಕಾಸಿನ ಒಂದು ಸಣ್ಣ ತರಬೇತಿ ಮುಗಿಸಿದ ಮೇಲೆ.

ಎರಡನೆಯದು ಮಾಲೀಕರಿಗೆ. ಹೊಸದಾಗಿ ಸೇರಿಸಿಕೊಂಡ ಪ್ರತಿ ಕೆಲಸಗಾರರ ಲೆಕ್ಕದಲ್ಲಿ ತಿಂಗಳಿಗೆ 3,000ವರೆಗೆ, ಎರಡು ವರ್ಷ. ತಯಾರಿಕಾ ಘಟಕವಾದರೆ ನಾಲ್ಕು ವರ್ಷ. 50ಕ್ಕಿಂತ ಕಡಿಮೆ ಜನ ಇರುವ ಘಟಕ ಕನಿಷ್ಠ ಇಬ್ಬರನ್ನು, 50 ಅಥವಾ ಜಾಸ್ತಿ ಇದ್ದರೆ ಐವರನ್ನು ಹೆಚ್ಚಿಗೆ ಸೇರಿಸಬೇಕು. ಅವರು ಆರು ತಿಂಗಳು ಉಳಿಯಬೇಕು.

ಲೆಕ್ಕ ಹಾಕಿ ತೋರಿಸುತ್ತೇನೆ. ಸಂಬಳ 11,500 ಅಂತ ಇಟ್ಟುಕೊಳ್ಳಿ. ಮಾಲೀಕ ಕಟ್ಟುವ ಪಿಎಫ್, ವಿಮೆ, ಆಡಳಿತ ಶುಲ್ಕ ಸೇರಿ ಶೇ 13, ಅಂದರೆ 1,495. ಇಎಸ್‌ಐ ಶೇ 3.25, ಸುಮಾರು 374. ಒಟ್ಟು 1,869. ಈ ಸಂಬಳಕ್ಕೆ ಮಾಲೀಕನಿಗೆ ಸಿಗುವ ಸಬ್ಸಿಡಿ 2,000. ಅಂದರೆ ಆಕೆಯ ಪಿಎಫ್, ಇಎಸ್‌ಐ ಪೂರ್ತಿ ಸರ್ಕಾರವೇ ಕಟ್ಟಿದ ಹಾಗಾಯಿತು.

ಇದು ಹೊಸ ಐಡಿಯಾ ಏನಲ್ಲ. 2016ರಲ್ಲೇ ಪ್ರಧಾನ ಮಂತ್ರಿ ರೋಜಗಾರ್ ಪ್ರೋತ್ಸಾಹನ್ ಯೋಜನೆ ಬಂದಿತ್ತು. ಕೋವಿಡ್ ಆದ ಮೇಲೆ 2020ರ ಅಕ್ಟೋಬರ್‌ನಿಂದ ಆತ್ಮನಿರ್ಭರ ಭಾರತ ರೋಜಗಾರ್ ಯೋಜನೆ. ಎಲ್ಲದರ ದಾರಿಯೂ ಒಂದೇ: ಹಣ ಪಿಎಫ್ ಚಲನ್ (ಮಾಲೀಕ ತಿಂಗಳು ತಿಂಗಳು ಕೆಲಸಗಾರರ ಹೆಸರಲ್ಲಿ ಪಿಎಫ್ ಕಟ್ಟುವ ಪಟ್ಟಿ) ಹಿಂದೆ ಹೋಗುತ್ತದೆ. ಚಲನ್‌ನಲ್ಲಿ ಹೆಸರು ನಿಂತರೆ ಹಣ ಬರುತ್ತದೆ, ಹೆಸರು ಬಿಟ್ಟುಹೋದರೆ ನಿಲ್ಲುತ್ತದೆ. ನಿಮ್ಮ ಲೈನಿನ 19 ಜನರ ಲೆಕ್ಕದಲ್ಲಿ ಮಾಲೀಕರಿಗೂ ಏನೂ ಬರುವುದಿಲ್ಲ, ಆ ಹೆಣ್ಣುಮಕ್ಕಳಿಗೂ ಏನೂ ಬರುವುದಿಲ್ಲ.


ತೊಗರಿ ಹೊಲ, ಸೇಡಂ | ಸೋಮವಾರ ಬೆಳಿಗ್ಗೆ 6:20

ನಮ್ಮ ಕಡೆಯೂ ಇದೇ ಕಥೆ. ನನಗನಿಸುವುದು, ಗೃಹಲಕ್ಷ್ಮಿಯ 2,000 ಮನೆಗೇ ಬರುವಾಗ ಯಾರು ದಿನಾ ಹತ್ತು ತಾಸು ಮಷೀನ್ ಮುಂದೆ ಕೂರುತ್ತಾರೆ? ಕೆಲಸ ಕೊಟ್ಟರೂ ಮಾಡುವವರಿಲ್ಲ.


ಲೈನ್ ಮೂರು | ಸೋಮವಾರ ಮಧ್ಯಾಹ್ನ 1:15

ಅಣ್ಣಾ, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಾತು ಒಪ್ಪಲು ಆಗುವುದಿಲ್ಲ.

ಬಿಟ್ಟುಹೋದ ಆ ಏಳು ಜನ ಈಗ ಎಲ್ಲಿದ್ದಾರೆ ಗೊತ್ತಾ? ಬೆಳಿಗ್ಗೆ ಏಳಕ್ಕೆ ಟಂಟಂನಲ್ಲಿ ಹತ್ತಿ ಹೊಲಕ್ಕೆ ಹೋಗುತ್ತಾರೆ. ಸೀರೆ ಮೇಲೆ ಗಂಡನ ಹಳೇ ಅಂಗಿ, ಸೊಂಟಕ್ಕೆ ಉಡಿ. ಸಂಜೆ ಆರರವರೆಗೆ ಬಗ್ಗಿ ಬಿಡಿಸುತ್ತಾರೆ. ಒಣಗಿದ ಕಾಯಿಯ ತುದಿ ಚುಚ್ಚಿ ಉಗುರಿನ ಬುಡ ಬಿರಿದಿರುತ್ತದೆ. ಅವರನ್ನು ಕೆಲಸ ಮಾಡದವರು ಅಂತ ಹೇಗೆ ಅನ್ನುತ್ತೀರಿ?

ಹತ್ತಿಗೆ ಯಾಕೆ ಹೋದರು ಅಂತ ನಾನೇ ಮನೆಗೆ ಹೋಗಿ ಕೇಳಿದ್ದೇನೆ. ಹತ್ತಿ ಕೆಜಿ ಲೆಕ್ಕ. ಸಂಜೆಯೋ ವಾರದ ಸಂತೆ ದಿನವೋ ದುಡ್ಡು ಕೈಗೆ ಬರುತ್ತದೆ. ನಮ್ಮಲ್ಲಿ ಆಗಸ್ಟ್ 1ಕ್ಕೆ ಸೇರಿದವಳಿಗೆ ಮೊದಲ ಸಂಬಳ ಸಿಕ್ಕಿದ್ದು ಸೆಪ್ಟೆಂಬರ್ 9ಕ್ಕೆ. ಸುಮಾರು 40 ದಿನ. ಅಷ್ಟು ದಿನ ಮನೆ ನಡೆಯಬೇಕಲ್ಲ. ಕೈಗೆ ಬರುವಾಗ ಆಕೆಯ ಪಾಲಿನ ಪಿಎಫ್ 1,380 ಹೋಗಿ, ಇಎಸ್‌ಐ 86 ಹೋಗಿ, ವ್ಯಾನಿಗೆ 800 ಹೋಗಿ, ಉಳಿಯುವುದು 9,234. ಪೇ ಸ್ಲಿಪ್ ಹಿಡಿದುಕೊಂಡು ಒಬ್ಬಳು ನನ್ನ ಮುಂದೆ ಅತ್ತಳು. 11,500 ಅಂತ ಹೇಳಿ ಕರೆದಿರಿ, ಅತ್ತೆಗೆ ನಾನೇನು ಹೇಳಲಿ ಅಂತ. ಪಿಎಫ್ ಅವಳದೇ ದುಡ್ಡು ಅಂತ ನಾನು ಹೇಳಿದೆ. ಆದರೆ ಅವಳಿಗೆ ಅವತ್ತು ಬೇಕಾಗಿದ್ದು ಅಕ್ಕಿ.

ಮಾಸ್ತರರೇ, ಲೆಕ್ಕ ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಒಂದು ಅನುಮಾನ. ಮೊದಲ ಸಲ ಪಿಎಫ್‌ಗೆ ಸೇರಿದವರಿಗೆ ಅಂದಿರಿ. ನನ್ನ 13 ಜನರಲ್ಲಿ ಐವರು ಮದುವೆಗೆ ಮುಂಚೆ ಬೆಂಗಳೂರಿನಲ್ಲೇ ಗಾರ್ಮೆಂಟ್ಸ್ ಮಾಡಿದವರು. ಅವರಿಗೆ?


ಚಲನ್ ಮಾಸ್ತರ | ಸೋಮವಾರ ಮಧ್ಯಾಹ್ನ 2:30

ಅವರಿಗೆ ಮೊದಲ ಭಾಗದ 15,000 ಇಲ್ಲ ತಂಗಿ. ಹಳೆಯ ಯುಎಎನ್ (ಪಿಎಫ್‌ನ ಕಾಯಂ ನಂಬರ್) ಇದ್ದರೆ ಮುಗಿಯಿತು, ಆಧಾರ್ ಹಾಕಿದ ತಕ್ಷಣ ಗೊತ್ತಾಗುತ್ತದೆ. ಮಾಲೀಕನ ಭಾಗ ಮಾತ್ರ ಸಿಗುತ್ತದೆ, ಅಲ್ಲಿ ಮರಳಿ ಸೇರಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಇದು ನನಗೂ ಸರಿ ಕಾಣುವುದಿಲ್ಲ. ಗಂಡಸು ಒಮ್ಮೆ ಕೆಲಸಕ್ಕೆ ಸೇರಿದರೆ ಹೆಚ್ಚುಕಡಿಮೆ ಅಲ್ಲೇ ಮುಂದುವರಿಯುತ್ತಾನೆ. ನಮ್ಮ ಹೆಣ್ಣುಮಕ್ಕಳು ಹದಿನೆಂಟಕ್ಕೆ ಸೇರುತ್ತಾರೆ, ಮದುವೆಗೆ ಬಿಡುತ್ತಾರೆ. ಮಗು ದೊಡ್ಡದಾದ ಮೇಲೆ ಮತ್ತೆ ಸೇರುತ್ತಾರೆ. ಅತ್ತೆ ಹಾಸಿಗೆ ಹಿಡಿದರೆ ಮತ್ತೆ ಬಿಡುತ್ತಾರೆ. ಅವರಿಗೆ ಕಷ್ಟ ಆಗುವುದು ಮೊದಲ ಸಲ ಸೇರುವಾಗ ಅಲ್ಲ, ಎರಡನೇ ಸಲ.

ಇನ್ನೊಂದು ತೊಂದರೆ. 2025ರ ಆಗಸ್ಟ್‌ನಿಂದ ಹೊಸ ಯುಎಎನ್ ಬೇಕಾದರೆ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಬೇಕು. ಆಧಾರ್‌ನಲ್ಲಿ ಮದುವೆಗೆ ಮುಂಚಿನ ಫೋಟೋ, ಹೆಸರಿನ ಮುಂದೆ ತಂದೆ ಹೆಸರು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಗಂಡನ ಹೆಸರು. ನನ್ನ ಟೇಬಲ್ ಮೇಲೆ ಬಾಕಿ ಇರುವ ಫೈಲ್‌ಗಳಲ್ಲಿ ಜಾಸ್ತಿ ಹೆಣ್ಣುಮಕ್ಕಳದೇ. ತಿದ್ದಿಸಲು ಒಂದು ದಿನದ ಕೂಲಿ ಬಿಟ್ಟು ತಾಲೂಕಿಗೆ ಬರಬೇಕು. ಕೆಲವರು ಮೂರು ಸಲ ಬಂದಿದ್ದಾರೆ.


ಸಣ್ಣ ಘಟಕ, ಕೊಪ್ಪಳ | ಸೋಮವಾರ ಸಂಜೆ 7:05

ಮಾಲೀಕರ ಕಡೆಯ ಮಾತನ್ನೂ ಸ್ವಲ್ಪ ಕೇಳಿ. ನನ್ನದು 44 ಮಷೀನಿನ ಜಾಬ್‌ವರ್ಕ್ ಘಟಕ. ಪೀಸಿನ ರೇಟು ಬೆಂಗಳೂರಿನ ದೊಡ್ಡ ಕಂಪನಿ ನಿಗದಿ ಮಾಡುತ್ತದೆ. ಬಟ್ಟೆ ಅಲ್ಲಿಂದ ಲಾರಿಯಲ್ಲಿ ಬರಬೇಕು, ಹೊಲಿದು ವಾಪಸ್ ಕಳಿಸಬೇಕು. ಇಲ್ಲಿ ಕನಿಷ್ಠ ಕೂಲಿ ಬೆಂಗಳೂರಿಗಿಂತ ಕಡಿಮೆ, ನಿಜ. ಆದರೆ ಸಾಗಣೆ ಖರ್ಚು ಮತ್ತು ಹೊಸಬರಿಗೆ ಕಲಿಸುವ ತಿಂಗಳುಗಳು ಅದನ್ನು ತಿಂದುಹಾಕುತ್ತವೆ. ಕಲಿಯುವಾಗ ಒಬ್ಬಳು ದಿನಕ್ಕೆ ಹೊಲಿಯುವುದು ನುರಿತವಳ ಕಾಲು ಭಾಗವೂ ಇಲ್ಲ. ಸಂಬಳ ಮಾತ್ರ ಪೂರ್ತಿ ಕೊಡಬೇಕು.

2018ರಿಂದ ಮಾಲೀಕರ ಪಾಲಿನ ಪೂರ್ತಿ ಶೇ 12ನ್ನು ಸರ್ಕಾರ ಕೊಟ್ಟಾಗಲೇ ನಾನು ಎರಡನೇ ಲೈನ್ ಹಾಕಿದ್ದು. ಆ ಸಹಾಯ ಇಲ್ಲದಿದ್ದರೆ 20 ಹೆಣ್ಣುಮಕ್ಕಳಿಗೆ ನಾನು ಕೆಲಸ ಕೊಡುತ್ತಲೇ ಇರಲಿಲ್ಲ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಸಬ್ಸಿಡಿ ಅಂದ ತಕ್ಷಣ ಮಾಲೀಕರ ಜೇಬು ಅನ್ನಬೇಡಿ.

ಮಗು ನೋಡಿಕೊಳ್ಳುವ ಕೋಣೆ ಬಗ್ಗೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಪ್ರಕಾರ 50 ಜನ ಇದ್ದರೆ ಶಿಶುಪಾಲನಾ ಕೇಂದ್ರ ಇರಲೇಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು. ಒಳ್ಳೆ ಕಾನೂನು. ಆದರೆ ಅದರ ಖರ್ಚು ಪೂರ್ತಿ ಮಾಲೀಕನ ತಲೆ ಮೇಲೆ. ನನ್ನ ಪರಿಚಯದ ಒಬ್ಬರು 48ಕ್ಕೆ ನಿಲ್ಲಿಸಿದ್ದಾರೆ, 49ನೆಯವರನ್ನು ತೆಗೆದುಕೊಳ್ಳುವುದಿಲ್ಲ. ನನಗೆ ಹಾಗೆ ಮಾಡಲು ಮನಸ್ಸಿಲ್ಲ. ಮುಂದಿನ ವರ್ಷ 50 ದಾಟುತ್ತೇನೆ. ಆಗ ಒಬ್ಬ ಆಯಾ, ಹಾಲು, ಜಾಗ, ಎಲ್ಲಾ ನಾನೇ ನೋಡಬೇಕು. ಸರ್ಕಾರ ನನಗೆ ತಲೆಗೆ 2,000 ಕೊಡುವ ಬದಲು 1,500 ಕೊಟ್ಟು, ಉಳಿದ 500ರಲ್ಲಿ ಆಯಾಳ ಸಂಬಳ ಕೊಟ್ಟರೆ ನಾನು ಖುಷಿಯಿಂದ ಒಪ್ಪುತ್ತೇನೆ.


ಲೈನ್ ಮೂರು | ಸೋಮವಾರ ರಾತ್ರಿ 9:10

ಅಣ್ಣಾ, ನಿಮ್ಮಂಥ ಮಾಲೀಕರು ನಮ್ಮ ತಾಲೂಕಿಗೂ ಬೇಕು.

ಪಂಚಾಯಿತಿಯ ಕೂಸಿನ ಮನೆ ನಮ್ಮ ಹಳ್ಳಿಯಲ್ಲೂ ಇದೆ. ಆಯಾ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೆ ಸಂಜೆ ಬಾಗಿಲು ಹಾಕಿದ ಮೇಲೂ ನಮ್ಮ ಶಿಫ್ಟ್ ಇನ್ನೂ ಒಂದೂವರೆ ತಾಸು ಇರುತ್ತದೆ. ಆ ಒಂದೂವರೆ ತಾಸಿಗೇ ಐದು ಜನ ಕೆಲಸ ಬಿಟ್ಟರು.


ನೀಲಿ ದಾರ, ಬಳ್ಳಾರಿ | ಸೋಮವಾರ ರಾತ್ರಿ 11:30

ಪಿಎಫ್ ಚಲನ್‌ನಲ್ಲಿ ಹೆಸರೇ ಇಲ್ಲದವರ ಬಗ್ಗೆಯೂ ಮಾತಾಡೋಣ. ನಾನು ಬಳ್ಳಾರಿಯವಳು. ಇಲ್ಲಿ ಜೀನ್ಸ್ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಕೊನೆಗೆ ದಾರ ಕತ್ತರಿಸುವುದು, ಗುಂಡಿ ಹಚ್ಚುವುದು ಮನೆಮನೆಗೆ ಬರುತ್ತದೆ.

ನಮ್ಮ ಅವ್ವ ಇಪ್ಪತ್ತು ವರ್ಷ ದಾರ ಕತ್ತರಿಸಿದ್ದಾಳೆ. ಬೆಳಿಗ್ಗೆ ಒಂದು ಬಂಡಲ್ ಪ್ಯಾಂಟ್ ಜಗಲಿ ಮೇಲೆ ಬಂದು ಬೀಳುತ್ತಿತ್ತು. ಸಣ್ಣ ಕತ್ತರಿ, ಹಿಡಿಗೆ ಬಟ್ಟೆ ಸುತ್ತಿದ್ದು. ಅಡುಗೆ ಮಾಡುತ್ತಾ, ನಮಗೆ ಪಾಠ ಹೇಳುತ್ತಾ ಕತ್ತರಿಸುತ್ತಿದ್ದಳು. ರಾತ್ರಿ ಕೈ ತೊಳೆದರೆ ನೀರು ನೀಲಿ. ಪೀಸಿಗೆ ಪೈಸೆ ಲೆಕ್ಕ. ಯಾವ ರಿಜಿಸ್ಟರ್‌ನಲ್ಲೂ ಅವಳ ಹೆಸರಿಲ್ಲ. ಮನೆಗೆ ಬಂದ ಗಣತಿಯವರಿಗೆ ಅಪ್ಪ "ಮನೆಯಲ್ಲೇ ಇರುತ್ತಾಳೆ" ಅಂತ ಬರೆಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಸಬ್ಸಿಡಿ ಕೊಡುವವರು "ಹೊಸದಾಗಿ ಕೆಲಸಕ್ಕೆ ಬಂದ ಮಹಿಳೆ" ಅಂದಾಗ ನನಗೆ ಅವ್ವ ನೆನಪಾಗುತ್ತಾಳೆ. ಅವಳು ನಾಳೆ ಫ್ಯಾಕ್ಟರಿಗೆ ಸೇರಿದರೆ ಕಾಗದದಲ್ಲಿ ಹೊಸಬಳು.


ಅಂಕಿ ಅಂಶ, ರಾಯಚೂರು | ಮಂಗಳವಾರ ಬೆಳಿಗ್ಗೆ 7:45

ನಾನು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಬಳ್ಳಾರಿಯ ಸೋದರಿ ಬರೆದದ್ದನ್ನು ತರಗತಿಯಲ್ಲಿ ಓದಿ ಹೇಳಬೇಕು ಅನಿಸಿತು.

ಅಂಕಿಗಳಲ್ಲೂ ಇದೇ ಕಾಣುತ್ತದೆ. ದೇಶದಲ್ಲಿ 15 ವರ್ಷ ದಾಟಿದ ಮಹಿಳೆಯರಲ್ಲಿ ದುಡಿಮೆಯಲ್ಲಿ ಇರುವವರು ಅಥವಾ ಕೆಲಸ ಹುಡುಕುತ್ತಿರುವವರು 2017-18ರಲ್ಲಿ ಶೇ 23.3 ಇದ್ದರು. 2023-24ಕ್ಕೆ ಶೇ 41.7 ಆಯಿತು. ಕೇಳಿದರೆ ಸಂತೋಷ ಆಗುತ್ತದೆ. ಒಳಗೆ ನೋಡಿದರೆ ಏರಿಕೆಯ ದೊಡ್ಡ ಪಾಲು ಸ್ವಂತ ದುಡಿಮೆ, ಮನೆಯ ಹೊಲ ಅಥವಾ ಅಂಗಡಿಯಲ್ಲಿ ಸಂಬಳ ಇಲ್ಲದ ದುಡಿಮೆ. ತಿಂಗಳ ಸಂಬಳದ ಕೆಲಸ ಆ ಪ್ರಮಾಣದಲ್ಲಿ ಏರಿಲ್ಲ.

ಈಗ ನಮ್ಮ ಪ್ರದೇಶದ ಮಾತು. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಕಲಬುರಗಿ ವಿಭಾಗದವು. ಸಂವಿಧಾನದ 371ಜೆ ವಿಧಿ ಬಂದು ಸರ್ಕಾರಿ ನೌಕರಿ, ಕಾಲೇಜು ಸೀಟುಗಳಲ್ಲಿ ನಮಗೆ ಪಾಲು ಸಿಕ್ಕಿತು. ನನ್ನ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನ ಅದರಿಂದಲೇ ಕೆಲಸ ಹಿಡಿದಿದ್ದಾರೆ. ಆದರೆ ಎಸ್ಸೆಸ್ಸೆಲ್ಸಿ ಫೇಲ್ ಆದ ಹುಡುಗಿಗೆ 371ಜೆ ಏನೂ ಮಾಡಲಾರದು. ಅವಳಿಗೆ ಹತ್ತಿರದಲ್ಲಿ ಫ್ಯಾಕ್ಟರಿಯೇ ಬೇಕು. ಕಲಬುರಗಿ ಹತ್ತಿರ ಪಿಎಂ ಮಿತ್ರ ಜವಳಿ ಪಾರ್ಕ್‌ಗೆ 2023ರಲ್ಲಿ ಸಾವಿರ ಎಕರೆ ಗೊತ್ತು ಮಾಡಿದ್ದಾರೆ. ಅಲ್ಲಿ ಮೊದಲು ಬರುವ ಘಟಕಗಳಿಗೆ ಮಾರಾಟದ ಶೇ 3ರವರೆಗೆ ಪ್ರೋತ್ಸಾಹಧನ ಇದೆ. ಮಾರಾಟದ ಲೆಕ್ಕದಲ್ಲಿ ಹಣ ಕೊಟ್ಟರೆ ಒಳಗೆ ಎಷ್ಟು ಹೆಣ್ಣುಮಕ್ಕಳು, ಎಷ್ಟು ದಿನ ಉಳಿದರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ಮಾಸ್ತರರು ಹೇಳಿದ ಕೇಂದ್ರದ ಯೋಜನೆಯಲ್ಲಿ ಯಾದಗಿರಿಗೂ ಬೆಂಗಳೂರಿಗೂ ಒಂದೇ ದರ. ಹೆಣ್ಣಿಗೂ ಗಂಡಿಗೂ ಒಂದೇ ದರ. ತುರ್ಕಿ ದೇಶ 2008ರಲ್ಲಿ ಹೊಸದಾಗಿ ಸೇರುವ ಮಹಿಳೆಯರು ಮತ್ತು ಯುವಕರಿಗೆ ಅಂತಲೇ ಒಂದು ಯೋಜನೆ ತಂದಿತು. ಮಾಲೀಕರು ಕಟ್ಟುವ ಸಾಮಾಜಿಕ ವಿಮೆಯ ಕಂತನ್ನು ಮೊದಲ ವರ್ಷ ಪೂರ್ತಿ, ಎರಡನೇ ವರ್ಷ ಶೇ 80, ಹೀಗೆ ಐದನೇ ವರ್ಷ ಶೇ 20 ಸರ್ಕಾರ ಕೊಟ್ಟಿತು. ಗಂಡಸರಿಗೆ 29 ವರ್ಷದ ಮಿತಿ, ಹೆಂಗಸರಿಗೆ 18 ದಾಟಿದ್ದರೆ ಸಾಕು. ನಲವತ್ತರ ಹೆಂಗಸೂ ಹೊಸದಾಗಿ ಸೇರುತ್ತಾಳೆ ಅಂತ ಅವರು ಮೊದಲೇ ಯೋಚಿಸಿದ್ದರು.


ಬಾರಿ ಊರಿನಿಂದ, ದಕ್ಷಿಣ ಇಟಲಿ | ಮಂಗಳವಾರ ಸಂಜೆ 5:50

ಹುಟ್ಟಿದ್ದು ಲಿಂಗಸುಗೂರು, ಈಗ ಎಂಟು ವರ್ಷದಿಂದ ಇಟಲಿಯ ಪುಲಿಯಾ ಪ್ರಾಂತ್ಯದಲ್ಲಿದ್ದೇನೆ. ಮಾಸ್ತರರು "ಎರಡನೇ ಸಲ" ಅಂದರಲ್ಲ, ಅದಕ್ಕೇ ಬರೆಯಲು ಕೂತೆ.

ಇಲ್ಲಿನ ದಕ್ಷಿಣ ಭಾಗವೂ ನಮ್ಮ ಕಲ್ಯಾಣ ಕರ್ನಾಟಕದ ಹಾಗೆ. ಉತ್ತರದ ಮಿಲಾನ್ ಕಡೆ ಫ್ಯಾಕ್ಟರಿ, ದಕ್ಷಿಣದಲ್ಲಿ ದ್ರಾಕ್ಷಿ, ಆಲಿವ್, ಟೊಮೆಟೊ ಕೂಲಿ. ಕಂಪಾನಿಯಾ, ಕಲಾಬ್ರಿಯಾ, ಸಿಸಿಲಿಗಳಲ್ಲಿ ದುಡಿಯುವ ವಯಸ್ಸಿನ ಹೆಂಗಸರಲ್ಲಿ ಕೆಲಸ ಇರುವವರು ಮೂರರಲ್ಲಿ ಒಂದು ಪಾಲಿನ ಆಸುಪಾಸು. ಪಶ್ಚಿಮ ಯುರೋಪಿನ ಊರೇ ಇದು ಅಂತ ನನಗೆ ಮೊದಲು ನಂಬಿಕೆ ಬರಲಿಲ್ಲ.

ಇಲ್ಲಿ ಸರ್ಕಾರ 2024ರಲ್ಲಿ ಮಹಿಳೆಯರಿಗೆ ಅಂತಲೇ ಒಂದು ಸಬ್ಸಿಡಿ ತಂದಿತು. ಕಾಯಂ ಕೆಲಸ ಕೊಟ್ಟ ಮಾಲೀಕನಿಗೆ ಸಾಮಾಜಿಕ ವಿಮೆ ಕಂತು ಮಾಫಿ, ತಿಂಗಳಿಗೆ 650 ಯೂರೋವರೆಗೆ, 24 ತಿಂಗಳು. ಮೊದಲ ಸಲ ಸೇರುತ್ತಿದ್ದಾಳಾ ಅಂತ ಅವರು ನೋಡುವುದಿಲ್ಲ. ಎಷ್ಟು ದಿನದಿಂದ ಸಂಬಳದ ಕೆಲಸ ಇಲ್ಲ ಅಂತ ನೋಡುತ್ತಾರೆ. ದೇಶದ ಬೇರೆ ಕಡೆ 24 ತಿಂಗಳು ಕೆಲಸ ಇಲ್ಲದೆ ಇದ್ದವಳಿಗೆ ಅನ್ವಯ. ದಕ್ಷಿಣದ ಹಿಂದುಳಿದ ಪ್ರಾಂತ್ಯದವಳಾದರೆ ಆರು ತಿಂಗಳು ಸಾಕು. ಇಲ್ಲಿ ಒಮ್ಮೆ ಕೆಲಸ ಬಿಟ್ಟರೆ ಮತ್ತೆ ಸಿಗುವುದು ಕಷ್ಟ ಅಂತ ನಿಯಮದಲ್ಲೇ ಒಪ್ಪಿಕೊಂಡ ಹಾಗೆ. ಬೆಂಗಳೂರಿನಿಂದ ಮದುವೆಯಾಗಿ ವಾಪಸ್ ಬಂದ ಆ ಐವರು ಇಲ್ಲಿದ್ದಿದ್ದರೆ ಅವರನ್ನು ಯಾರೂ ಹಳಬರು ಅನ್ನುತ್ತಿರಲಿಲ್ಲ.

ಆದರೆ ಇಲ್ಲಿಯೂ ಅರ್ಧ ಕೆಲಸವೇ. ನೂರು ಸಣ್ಣ ಮಕ್ಕಳಿಗೆ 33 ಶಿಶುಪಾಲನಾ ಸೀಟು ಇರಬೇಕು ಅಂತ ಯುರೋಪಿಯನ್ ಒಕ್ಕೂಟ 2002ರಲ್ಲೇ ಗುರಿ ಇಟ್ಟಿತ್ತು. ಸಿಸಿಲಿ, ಕಂಪಾನಿಯಾ ಇನ್ನೂ ಅದರ ಅರ್ಧದ ಹತ್ತಿರವೇ ಇವೆ. ನಮ್ಮ ಕೆಳಗಿನ ಮನೆಯಾಕೆ ಅಕೌಂಟೆಂಟ್. ಮಾಲೀಕ ಸಬ್ಸಿಡಿ ಸಿಗುತ್ತದೆ ಬಾ ಅಂತ ಕರೆದ. ಮಗುವಿಗೆ ಸೀಟು ಸಿಗಲಿಲ್ಲ, ಅವಳು ಹೋಗಲಿಲ್ಲ. ನಿಮ್ಮ ಲೈನಿನ ಹುಡುಗಿ ಹೇಳಿದ ಮಾತನ್ನೇ ಅವಳು ಇಟಾಲಿಯನ್‌ನಲ್ಲಿ ಹೇಳಿದಳು.

ವ್ಯಾನಿನ ವಿಷಯವೂ ಇದೆ. ಇಲ್ಲಿ ದ್ರಾಕ್ಷಿ ತೋಟಕ್ಕೆ ಹೆಂಗಸರನ್ನು ಮಧ್ಯರಾತ್ರಿ ದಾಟಿದ ಮೇಲೆ ವಾಹನದಲ್ಲಿ ತುಂಬಿಕೊಂಡು ಹೋಗುವ ಮೇಸ್ತ್ರಿಗಳಿದ್ದರು. ಕೂಲಿಯಲ್ಲಿ ಅವರ ಪಾಲು ಮುರಿದುಕೊಳ್ಳುತ್ತಿದ್ದರು. 2015ರ ಬೇಸಿಗೆಯಲ್ಲಿ ಆಂದ್ರಿಯಾ ಹತ್ತಿರ 49 ವರ್ಷದ ಒಬ್ಬ ತಾಯಿ ತೋಟದಲ್ಲೇ ಕುಸಿದು ಸತ್ತಳು. ದೇಶವೇ ಎದ್ದು ಕೂತಿತು. ಮಾರನೇ ವರ್ಷ ಮೇಸ್ತ್ರಿಗಳ ವಿರುದ್ಧ ಕಠಿಣ ಕಾನೂನು ಬಂತು. ಹೆಣ್ಣುಮಕ್ಕಳು ಕೆಲಸಕ್ಕೆ ಹೇಗೆ ಹೋಗಿ ಬರುತ್ತಾರೆ ಅನ್ನುವುದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ನಿಮ್ಮ ಆ 800 ರೂಪಾಯಿ ಬಗ್ಗೆ ಜೋರಾಗಿಯೇ ಕೇಳಿ.


ತೊಗರಿ ಹೊಲ, ಸೇಡಂ | ಮಂಗಳವಾರ ರಾತ್ರಿ 8:30

ಅಕ್ಕ, ನಿನ್ನೆ ನಾನು ಬರೆದದ್ದು ತಪ್ಪಾಯಿತು. ನಮ್ಮ ಮನೆಯಾಕೆಯೂ ಓದಿದಳು. "ತೊಗರಿ ರಾಶಿ ಯಾರು ಮಾಡಿದ್ರು ಕೇಳ್ರಿ" ಅಂದಳು. ಮಾತು ವಾಪಸ್ ತೆಗೆದುಕೊಂಡಿದ್ದೇನೆ.

ಬಸ್ಸಿನ ವಿಷಯ ಕೇಳಬೇಕು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ ಅಲ್ವಾ? ಮತ್ತೆ ವ್ಯಾನಿಗೆ ಯಾಕೆ 800?


ಲೈನ್ ಮೂರು | ಮಂಗಳವಾರ ರಾತ್ರಿ 10:20

ತಪ್ಪೇನಿಲ್ಲ ಅಣ್ಣಾ. ಅಕ್ಕಾರಿಗೆ ನನ್ನ ನಮಸ್ಕಾರ ಹೇಳಿ.

2023ರ ಜೂನ್‌ನಲ್ಲಿ ಶಕ್ತಿ ಬಂದಾಗ ನಮ್ಮ ಕಡೆ ನಿಜವಾಗಿಯೂ ಒಂದು ಬಾಗಿಲು ತೆರೆಯಿತು. ನನ್ನ 13 ಜನರಲ್ಲಿ ಎಂಟು ಜನ ಬಸ್ಸಿನ ರೂಟಿನ ಹಳ್ಳಿಯವರೇ. ಅವರು ಉಳಿದಿದ್ದಕ್ಕೆ ಅದೂ ಒಂದು ಕಾರಣ ಅಂತ ಈಗ ಲೆಕ್ಕ ಹಾಕುವಾಗ ಹೊಳೆಯಿತು. ಆದರೆ ತಾಂಡಾ ಕಡೆಯ ಬಸ್ಸು ಬೆಳಿಗ್ಗೆ 9:20ಕ್ಕೆ. ನಮ್ಮ ಪಂಚಿಂಗ್ 8:45ಕ್ಕೆ. ತಡವಾದರೆ ಅರ್ಧ ದಿನ ಕಟ್. ಹಾಗಾಗಿ ವ್ಯಾನು. ಟಿಕೆಟ್ ಉಚಿತ ಇದ್ದರೂ ಸಮಯ ಕೂಡದಿದ್ದರೆ ಉಪಯೋಗ ಆಗುವುದಿಲ್ಲ.

ಹತ್ತು ವರ್ಷದ ಹಿಂದಿನ ಒಂದು ಮಾತು. 2016ರ ಏಪ್ರಿಲ್‌ನಲ್ಲಿ ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅನ್ನುವ ನಿಯಮದ ವಿರುದ್ಧ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದರು. ನಾನೂ ಇದ್ದೆ, ಹೊಸೂರು ರಸ್ತೆಯಲ್ಲಿ. ನಾಯಕರು ಯಾರೂ ಕರೆದಿರಲಿಲ್ಲ. ಒಂದು ಫ್ಯಾಕ್ಟರಿಯಿಂದ ಇನ್ನೊಂದಕ್ಕೆ ಸುದ್ದಿ ಹಬ್ಬಿ ಮಷೀನ್ ಬಂದ್ ಮಾಡಿ ಹೊರಗೆ ಬಂದೆವು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ಹಿಂದೆ ತೆಗೆದುಕೊಂಡಿತು. ಆವತ್ತು ಎಷ್ಟೋ ಜನ ಪೇಪರಿನಲ್ಲಿ ಬರೆದರು, ಇವರಿಗೆ ಮುಂದಿನ ಯೋಚನೆ ಇಲ್ಲ ಅಂತ. ಯೋಚನೆ ಇತ್ತು. ಕೆಲಸ ಬಿಟ್ಟಾಗ ಬರುವ ಆ ಗಂಟಿನಲ್ಲೇ ತಂಗಿಯ ಮದುವೆ, ಊರಿನ ಮನೆಯ ತಗಡು, ಮಗನ ಫೀಸು. ನಾನು ಬೆಂಗಳೂರು ಬಿಟ್ಟಾಗ ಪಿಎಫ್ ತೆಗೆದು ಅಪ್ಪನ ಸಾಲ ತೀರಿಸಿದೆ. ಅದಕ್ಕೇ ಕೇಳುತ್ತಿದ್ದೇನೆ ಮಾಸ್ತರರೇ, ಹೀಗೆ ಪಿಎಫ್ ತೆಗೆದುಕೊಂಡ ನನ್ನ ಐವರಿಗೆ ಹಳೆಯ ನಂಬರಿನಿಂದ ಇನ್ನು ಏನಾದರೂ ಉಳಿದಿದೆಯಾ?


ಚಲನ್ ಮಾಸ್ತರ | ಬುಧವಾರ ಬೆಳಿಗ್ಗೆ 8:10

ಉಳಿದಿರಬಹುದು. ಮಾಲೀಕರ ಪಾಲಿನಲ್ಲಿ ಸಂಬಳದ ಶೇ 8.33ರಷ್ಟು ಪಿಂಚಣಿ ಖಾತೆಗೆ ಹೋಗುತ್ತದೆ. ಎಷ್ಟೋ ಜನ ಪಿಎಫ್ ಹಣ ಮಾತ್ರ ತೆಗೆದು ಪಿಂಚಣಿ ಹಣಕ್ಕೆ ಅರ್ಜಿ ಹಾಕಿರುವುದಿಲ್ಲ. ಅದನ್ನು ತೆಗೆದಿಲ್ಲ ಅಂದರೆ ಹಳೆಯ ಸೇವೆ ಜೀವಂತ. ಹೊಸ ಕೆಲಸದ ಸೇವೆಗೆ ಸೇರಿಸಬಹುದು. ಒಟ್ಟು 10 ವರ್ಷ ಆದರೆ 58ಕ್ಕೆ ತಿಂಗಳ ಪಿಂಚಣಿಗೆ ಹಕ್ಕು ಬರುತ್ತದೆ. ಹೊಸ ಯುಎಎನ್ ಮಾಡಿಸಲೇಬೇಡಿ, ಹಳೆಯದನ್ನೇ ಕೊಡಿ. ಐವರ ಪಾಸ್‌ಬುಕ್‌ನಲ್ಲಿ ಪಿಂಚಣಿಯ ಕಾಲಂ ನೋಡಿ ಹೇಳಿ. ನಾನು ದುಡ್ಡು ಏನೂ ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ.


ಸಣ್ಣ ಘಟಕ, ಕೊಪ್ಪಳ | ಬುಧವಾರ ಬೆಳಿಗ್ಗೆ 9:00

ನನ್ನ ಘಟಕದಲ್ಲೂ ಇವತ್ತೇ ನೋಡಿಸುತ್ತೇನೆ. ಮೊದಲ ಸಂಬಳದ ವಿಷಯವೂ ಮನಸ್ಸಿಗೆ ನಾಟಿತು. ಹೊಸಬರಿಗೆ ಮೊದಲ ತಿಂಗಳು ಹದಿನೈದು ದಿನಕ್ಕೊಮ್ಮೆ ಅಡ್ವಾನ್ಸ್ ಕೊಟ್ಟರೆ ನನಗೆ ದೊಡ್ಡ ಖರ್ಚೇನೂ ಬೀಳುವುದಿಲ್ಲ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಡಿಸೆಂಬರ್‌ನಿಂದಲೇ ಶುರು ಮಾಡುತ್ತೇನೆ.


ಲೈನ್ ಮೂರು | ಗುರುವಾರ ರಾತ್ರಿ 9:55

ಐವರಲ್ಲಿ ಮೂವರ ಪಾಸ್‌ಬುಕ್ ತೆರೆಯಿತು. ಇಬ್ಬರದು ಮೊಬೈಲ್ ನಂಬರ್ ಬದಲಾಗಿದೆ, ಒಟಿಪಿ ಬರುತ್ತಿಲ್ಲ.

ಮೂವರಲ್ಲಿ ಒಬ್ಬಳ ಪಿಂಚಣಿ ಹಣ ಹಾಗೇ ಇದೆ. 3 ವರ್ಷ 4 ತಿಂಗಳ ಸೇವೆ. ಕ್ಯಾಂಟೀನ್ ಬೆಂಚಿನ ಮೇಲೆ ಕೂತು ನನ್ನ ಮೊಬೈಲಿನಲ್ಲೇ ತೋರಿಸಿದೆ. ಅವಳು ಫ್ಯಾಕ್ಟರಿಯ ಹೆಸರು ಓದಿ, ಸೇರಿದ ತಾರೀಖು ಓದಿ, ಬಹಳ ಹೊತ್ತು ನೋಡಿದಳು. "ಅಕ್ಕಾರ, ನಾ ಅಲ್ಲಿ ದುಡಿದದ್ದು ಇನ್ನೂ ಬರದಿಟ್ಟಾರೇನ್ರಿ?" ಅಂದಳು. ಇನ್ನು ಎಷ್ಟು ವರ್ಷ ಬೇಕು ಅಂತ ಬೆರಳು ಮಡಚಿ ಲೆಕ್ಕ ಹಾಕಿದೆವು. ಮಾಸ್ತರರೇ, ಅವಳ ವಿವರ ನಿಮಗೆ ಬೇರೆ ಕಳಿಸಿದ್ದೇನೆ.

ಬಸ್ಸಿಗೂ ಅರ್ಜಿ ಬರೆದೆ. 9:20ರ ಬಸ್ಸನ್ನು 8 ಗಂಟೆಗೆ ಬಿಡಿ ಅಂತ. ಡಿಪೋದಲ್ಲಿ ಒಬ್ಬರು ಸಮಾಧಾನವಾಗಿ ಕೇಳಿದರು, ಪ್ರಯಾಣಿಕರ ಸಹಿ 40 ಆದರೂ ತನ್ನಿ ಅಂದರು. ಕೆಲಸ ಬಿಟ್ಟವರ ಮನೆಗೂ ಹೋಗಿ ಕೇಳಿದೆ. ಬಸ್ಸು ಬಂದರೆ ಹತ್ತಿ ಮುಗಿದ ಮೇಲೆ ವಾಪಸ್ ಬರುತ್ತೇವೆ ಅಂತ ನಾಲ್ಕು ಜನ ಸಹಿ ಹಾಕಿದರು. ಇವತ್ತಿಗೆ 31 ಆಗಿದೆ. ನಾಳೆ ಸಂಜೆ ಮೇಲಿನ ತಾಂಡಾಕ್ಕೆ ಹೋಗುತ್ತೇನೆ.